ಪುಟಿಯುವ ಚೆಂಡು ಮತ್ತು ಗುಣೋತ್ತರ ಶ್ರೇಢಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೇಢಿಗಳ ಪಾಠ ಇರುವ ದಿನ ನಾನು ಚೀಲದಲ್ಲಿ ಒಂದು ಟೇಬಲ್ ಟೆನಿಸ್ ಚೆಂಡು ಹಾಕಿಕೊಂಡು ಹೋಗುತ್ತೇನೆ. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿ ಚೆಂಡನ್ನು ಮೇಜಿನ ಮೇಲೆ ಬಿಡುತ್ತೇನೆ. ಟಕ್... ಟಕ್.. ಟಕ್. ಟಕ್ ಟಕ್ ಟಕ್‌ಟಕ್‌ಟಕ್‌ರ್ರ್ರ್. ಕೇಳಿಸಿತಲ್ವಾ? ಆ ಸದ್ದೇ ಗುಣೋತ್ತರ ಶ್ರೇಢಿ. ಆಮೇಲೆ ಶುರುವಾಗುವ ಪ್ರಶ್ನೆಗಳು ತರಗತಿ ಮುಗಿದ ಮೇಲೂ ನಿಲ್ಲುವುದಿಲ್ಲ. ಮಕ್ಕಳು ಕೇಳಿದ್ದು, ಅವರ ಅಪ್ಪ ಅಮ್ಮಂದಿರು ಕೇಳಿದ್ದು, ಬೇರೆ ಶಾಲೆಯ ಶಿಕ್ಷಕರು ಬರೆದು ಕೇಳಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಶುರುವಿಗೆ

ಚೆಂಡು ಪುಟಿಯೋದಕ್ಕೂ ಗುಣೋತ್ತರ ಶ್ರೇಢಿಗೂ ಏನು ಸಂಬಂಧ?

ಒಂದು ಚೆಂಡನ್ನು 100 ಸೆಂ.ಮೀ. ಎತ್ತರದಿಂದ ಬಿಟ್ಟಿರಿ. ಅದು ಪುಟಿದು 60 ಸೆಂ.ಮೀ.ವರೆಗೆ ಬಂತು. ಮುಂದಿನ ಸಲ ಎಷ್ಟಕ್ಕೆ ಬರುತ್ತದೆ? 60ರಲ್ಲಿ ನೂರಕ್ಕೆ ಅರವತ್ತು ಪಾಲು, ಅಂದರೆ 36. ಅದರ ಮುಂದಿನದು 21.6. ಆಮೇಲೆ ಸುಮಾರು 13. ಪ್ರತಿ ಎತ್ತರವೂ ಹಿಂದಿನ ಎತ್ತರವನ್ನು 0.6ರಿಂದ ಗುಣಿಸಿದರೆ ಸಿಗುತ್ತದೆ. ಹೀಗೆ ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಹೋಗುವ ಸಾಲಿಗೆ ಗುಣೋತ್ತರ ಶ್ರೇಢಿ ಎನ್ನುತ್ತೇವೆ. ಗುಣಿಸುವ ಆ ಸಂಖ್ಯೆ ಸಾಮಾನ್ಯ ಅನುಪಾತ.

ಚಕ್ರಬಡ್ಡಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಅಲ್ಲಿ ಸಾಲ ಪ್ರತಿ ವರ್ಷ ಒಂದೇ ಪಾಲಿನಲ್ಲಿ ಬೆಳೆಯುತ್ತದೆ, ಇಲ್ಲಿ ಎತ್ತರ ಪ್ರತಿ ಸಲ ಒಂದೇ ಪಾಲಿನಲ್ಲಿ ಇಳಿಯುತ್ತದೆ.

ಮಿಸ್, ಪ್ರತಿ ಸಲ ಒಂದೇ ಅಷ್ಟು ಕಡಿಮೆ ಆಗಬಾರದಾ? ಒಂದೇ ಪಾಲು ಯಾಕೆ?

ಇದನ್ನು ಕೇಳಿದ್ದು ಎಂಟನೇ ತರಗತಿಯ ಹುಡುಗಿ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಪ್ರತಿ ಸಲ 20 ಸೆಂ.ಮೀ. ಕಡಿಮೆಯಾಗುತ್ತದೆ ಅಂದುಕೊಳ್ಳೋಣ. 100, 80, 60, 40, 20, ಆಮೇಲೆ ಸೊನ್ನೆ. ಇದು ಸಮಾಂತರ ಶ್ರೇಢಿ. ನೋಡುವುದಕ್ಕೆ ಸರಿಯಾಗಿಯೇ ಇದೆ. ಈಗ ಅದೇ ಚೆಂಡನ್ನು 15 ಸೆಂ.ಮೀ. ಎತ್ತರದಿಂದ ಬಿಡು. ಈ ನಿಯಮದ ಪ್ರಕಾರ ಅದು ಪುಟಿಯಲೇಬಾರದು, ಹಿಟ್ಟಿನ ಉಂಡೆಯ ಹಾಗೆ ಬಿದ್ದಲ್ಲೇ ಕೂರಬೇಕು. ಆದರೆ ಚೆಂಡು ಪುಟಿಯುತ್ತದೆ. ತಾನು ಮೊದಲು ಎಷ್ಟು ಎತ್ತರದಲ್ಲಿತ್ತು, ಇದು ಎಷ್ಟನೇ ಸಲ ಎಂಬ ನೆನಪು ಚೆಂಡಿಗೆ ಇಲ್ಲ. ಅದಕ್ಕೆ ಗೊತ್ತಿರುವುದು ಈಗ ನೆಲಕ್ಕೆ ಎಷ್ಟು ವೇಗದಲ್ಲಿ ಬಡಿಯಿತು ಎನ್ನುವುದು ಮಾತ್ರ. ಜೋರಾಗಿ ಬಡಿದರೆ ಜಾಸ್ತಿ ಕಳೆದುಕೊಳ್ಳುತ್ತದೆ, ಮೆಲ್ಲಗೆ ಬಡಿದರೆ ಕಡಿಮೆ. ಹಾಗಾಗಿ ಕಳೆಯುವುದು ಪಾಲಿನ ಲೆಕ್ಕದಲ್ಲಿ.

ಬಿಟ್ಟ ಎತ್ತರಕ್ಕೇ ಯಾಕೆ ವಾಪಸ್ ಬರಲ್ಲ? ಉಳಿದ ಶಕ್ತಿ ಎಲ್ಲಿ ಹೋಗತ್ತೆ?

ನೆಲಕ್ಕೆ ಬಡಿದಾಗ ಚೆಂಡು ಒಂದು ಕ್ಷಣ ಚಪ್ಪಟೆಯಾಗುತ್ತದೆ. ಆಮೇಲೆ ಸ್ಪ್ರಿಂಗಿನ ಹಾಗೆ ಮತ್ತೆ ಉಬ್ಬುತ್ತದೆ. ಅದುಮಿಸಿಕೊಳ್ಳುವಾಗ ಒಳಗೆ ಹೋದ ಶಕ್ತಿಯೆಲ್ಲ ಉಬ್ಬುವಾಗ ವಾಪಸ್ ಬರುವುದಿಲ್ಲ. ರಬ್ಬರಿನೊಳಗಿನ ಉದ್ದನೆಯ ಅಣುಗಳು ಒಂದರ ಮೇಲೊಂದು ಉಜ್ಜಿಕೊಂಡು ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಒಂದಷ್ಟು ನೆಲದ ನಡುಕಕ್ಕೆ ಹೋಗುತ್ತದೆ. ಸದ್ದಿಗೆ ಹೋಗುವುದು ತೀರಾ ಕಡಿಮೆ. ಬಿಸಿ ಆಗುವುದಕ್ಕೆ ಸಾಕ್ಷಿ ಬೇಕಿದ್ದರೆ ಸ್ಕ್ವಾಷ್ ಆಡುವವರನ್ನು ನೋಡಿ. ಆಟಕ್ಕೆ ಮುಂಚೆ ಚೆಂಡನ್ನು ಗೋಡೆಗೆ ಹೊಡೆದು ಹೊಡೆದು ಬಿಸಿ ಮಾಡುತ್ತಾರೆ, ಯಾಕೆಂದರೆ ಬಿಸಿ ಚೆಂಡು ಚೆನ್ನಾಗಿ ಪುಟಿಯುತ್ತದೆ.

ಯಾವ ಚೆಂಡಿಗೆ ಎಷ್ಟು ಅನುಪಾತ ಅಂತ ಪಟ್ಟಿ ಇದೆಯಾ?

ಆಟದ ನಿಯಮಗಳಲ್ಲೇ ಕೆಲವು ಸಿಗುತ್ತವೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಪ್ರಕಾರ, 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಸಾಮಾನ್ಯ ಟೆನಿಸ್ ಚೆಂಡು 135ರಿಂದ 147 ಸೆಂ.ಮೀ.ವರೆಗೆ ಏಳಬೇಕು. ಅಂದರೆ ಎತ್ತರದ ಅನುಪಾತ ಸುಮಾರು 0.53ರಿಂದ 0.58. 254 ಎನ್ನುವುದು ವಿಚಿತ್ರ ಸಂಖ್ಯೆ ಅನ್ನಿಸಿದರೆ, ಅದು ಸರಿಯಾಗಿ 100 ಇಂಚು.

ಟೇಬಲ್ ಟೆನಿಸ್‌ನಲ್ಲಿ ನಿಯಮ ಇರುವುದು ಮೇಜಿಗೆ. 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಮೇಜಿನ ಎಲ್ಲ ಕಡೆಯೂ ಸುಮಾರು 23 ಸೆಂ.ಮೀ. ಪುಟಿಯಬೇಕು. ಅನುಪಾತ 0.77ರ ಹತ್ತಿರ. ತರಗತಿಗೆ ನಾನು ಈ ಚೆಂಡನ್ನೇ ಒಯ್ಯುವುದಕ್ಕೆ ಇದೇ ಕಾರಣ. ತುಂಬಾ ಸಲ ಪುಟಿಯುತ್ತದೆ, ಸದ್ದೂ ಚುರುಕಾಗಿ ಕೇಳುತ್ತದೆ.

ಇಂಥ ಅಳತೆ ಹೊಸದೇನಲ್ಲ. ನ್ಯೂಟನ್ 1687ರಲ್ಲೇ ಉಂಡೆಗಳನ್ನು ದಾರಕ್ಕೆ ನೇತುಹಾಕಿ ಡಿಕ್ಕಿ ಹೊಡೆಸಿದ ಪ್ರಯೋಗಗಳ ಬಗ್ಗೆ ಬರೆದ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು 9 ಪಾಲು ವೇಗದಲ್ಲಿ ಹತ್ತಿರ ಬಂದರೆ 5 ಪಾಲು ವೇಗದಲ್ಲಿ ದೂರ ಹೋದವು. ಗಾಜಿನ ಉಂಡೆಗಳಲ್ಲಿ ಅದು 16ಕ್ಕೆ 15. ಇವು ವೇಗದ ಅನುಪಾತ, ಎತ್ತರದ್ದಲ್ಲ. ಎರಡರ ನಡುವಿನ ವ್ಯತ್ಯಾಸ ಮುಂದೆ ಬರುತ್ತದೆ.

ಒಂದೇ ಚೆಂಡು ಮನೆಯೊಳಗೆ ಚೆನ್ನಾಗಿ ಪುಟಿಯತ್ತೆ, ಅಂಗಳದಲ್ಲಿ ಸತ್ತ ಹಾಗೆ ಬೀಳತ್ತೆ. ಚೆಂಡು ಹಾಳಾಗಿದೆಯಾ?

ಚೆಂಡು ಸರಿಯಾಗಿದೆ. ಅನುಪಾತ ಚೆಂಡೊಂದರದ್ದೇ ಅಲ್ಲ, ಚೆಂಡು ಮತ್ತು ನೆಲ ಸೇರಿದ ಜೋಡಿಯದ್ದು. ಗ್ರಾನೈಟ್ ನೆಲ, ಕಡಪ ಕಲ್ಲು, ರೆಡ್ ಆಕ್ಸೈಡ್ ನೆಲ ಇವೆಲ್ಲ ಅಲ್ಲಾಡುವುದಿಲ್ಲ, ಹಾಗಾಗಿ ಶಕ್ತಿಯನ್ನು ಹೆಚ್ಚು ನುಂಗುವುದಿಲ್ಲ. ಮಣ್ಣಿನ ಅಂಗಳದಲ್ಲಿ ಕಣಗಳು ಜರುಗುತ್ತವೆ, ತಗ್ಗು ಬೀಳುತ್ತದೆ. ಶಕ್ತಿ ಅಲ್ಲೇ ಮುಗಿಯುತ್ತದೆ.

## ಲೆಕ್ಕ ಮಾಡುವವರಿಗೆ

ಎತ್ತರದ ಅನುಪಾತ, ವೇಗದ ಅನುಪಾತ ಎರಡೂ ಒಂದೇನಾ? ಪಿಯುಸಿ ಫಿಸಿಕ್ಸ್‌ನಲ್ಲಿ ಬೇರೆ ಏನೋ ಇದೆ.

ಒಂದೇ ಅಲ್ಲ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನೆಲದಿಂದ ಮೇಲೇಳುವ ವೇಗವನ್ನು ನೆಲಕ್ಕೆ ಬಡಿದ ವೇಗದಿಂದ ಭಾಗಿಸಿದರೆ ಬರುವುದು ವೇಗದ ಅನುಪಾತ. ಪಿಯುಸಿಯಲ್ಲಿ ಕೋಎಫಿಶಿಯೆಂಟ್ ಆಫ್ ರೆಸ್ಟಿಟ್ಯೂಷನ್ ಎಂದು ಓದುವುದು ಇದನ್ನೇ. ಚೆಂಡು ಎಷ್ಟು ಎತ್ತರ ಏರುತ್ತದೆ ಎನ್ನುವುದು ವೇಗದ ವರ್ಗವನ್ನು ಅವಲಂಬಿಸಿದೆ. ವೇಗ ಅರ್ಧವಾದರೆ ಎತ್ತರ ಕಾಲು ಭಾಗ. ಹಾಗಾಗಿ:

ಎತ್ತರದ ಅನುಪಾತ = ವೇಗದ ಅನುಪಾತ × ವೇಗದ ಅನುಪಾತ

ವೇಗದ ಅನುಪಾತ 0.9 ಆದರೆ ಎತ್ತರದ್ದು 0.81. ವೇಗದ್ದು 0.75 ಆದರೆ ಎತ್ತರದ್ದು 0.56. ಶಕ್ತಿಯ ಅನುಪಾತವೂ ಎತ್ತರದ ಅನುಪಾತವೂ ಒಂದೇ.

ಗಾಳಿಯಲ್ಲಿರುವ ಹೊತ್ತು ಯಾರ ಜೊತೆ? ಅದು ವೇಗದ ಜೊತೆ. ದುಪ್ಪಟ್ಟು ವೇಗದಲ್ಲಿ ಎದ್ದ ಚೆಂಡು ದುಪ್ಪಟ್ಟು ಹೊತ್ತು ಗಾಳಿಯಲ್ಲಿರುತ್ತದೆ. ಅಂದರೆ ಒಂದೇ ಚೆಂಡಿನಲ್ಲಿ ಎರಡು ಗುಣೋತ್ತರ ಶ್ರೇಢಿಗಳಿವೆ. ಕಣ್ಣಿಗೆ ಕಾಣುವ ಎತ್ತರಗಳದ್ದು ಒಂದು, ಕಿವಿಗೆ ಕೇಳುವ ಹೊತ್ತುಗಳದ್ದು ಇನ್ನೊಂದು. ಮೊದಲನೆಯದರ ಅನುಪಾತ ಎರಡನೆಯದರ ವರ್ಗ. ನನ್ನನ್ನು ಕೇಳಿದರೆ ಕಿವಿಯದ್ದೇ ಮೂಲ, ಕಣ್ಣಿನದು ಅದರಿಂದ ಹುಟ್ಟಿದ್ದು.

10 ಮೀಟರ್‌ನಿಂದ ಬಿಟ್ಟ ಚೆಂಡು ಪ್ರತಿ ಸಲ ಮುಕ್ಕಾಲು ಎತ್ತರಕ್ಕೆ ಏಳತ್ತೆ. ಒಟ್ಟು ದೂರ ನನಗೆ 80 ಬರ್ತಿದೆ, ಉತ್ತರ 70 ಅಂತಿದೆ. ಯಾಕೆ?

ಮೊದಲ 10 ಮೀಟರನ್ನು ನೀವು ಎರಡು ಸಲ ಎಣಿಸಿದ್ದೀರಿ. ಉಳಿದ ಎತ್ತರಗಳನ್ನು ಚೆಂಡು ಹತ್ತುತ್ತದೆ, ಇಳಿಯುತ್ತದೆ. ಮೊದಲನೆಯದನ್ನು ಬರೀ ಇಳಿಯುತ್ತದೆ, ಯಾಕೆಂದರೆ ಅಲ್ಲಿಗೆ ಹತ್ತಿಸಿದ್ದು ನಿಮ್ಮ ಕೈ.

ಸೂತ್ರ ಬಾಯಿಪಾಠ ಮಾಡುವ ಬದಲು ಹೀಗೆ ಯೋಚಿಸಿ. ಒಂದು ಸಲ ಬಿದ್ದು, ಎದ್ದು, ಮೇಲೆ ಒಂದು ಕ್ಷಣ ನಿಂತಿತಲ್ಲ, ಅಲ್ಲಿಂದ ಮುಂದೆ ನಡೆಯುವುದು ಮೊದಲಿನ ಕಥೆಯೇ. ಎಲ್ಲವೂ ಮುಕ್ಕಾಲು ಅಳತೆಯಲ್ಲಿ, ಅಷ್ಟೇ. ಹಾಗಾದರೆ:

ಒಟ್ಟು ದೂರ = 10 (ಬಿದ್ದದ್ದು) + 7.5 (ಎದ್ದದ್ದು) + ಒಟ್ಟು ದೂರದ ಮುಕ್ಕಾಲು

ಒಟ್ಟು ದೂರದ ಮುಕ್ಕಾಲನ್ನು ಈ ಕಡೆಗೆ ತಂದರೆ, ಒಟ್ಟು ದೂರದ ಕಾಲು ಭಾಗ 17.5. ಆದ್ದರಿಂದ ಒಟ್ಟು ದೂರ 70 ಮೀಟರ್. ಎಲ್ಲ ಚೆಂಡುಗಳಿಗೂ ಸರಿಹೊಂದುವ ಹಾಗೆ ಬರೆದರೆ:

ಒಟ್ಟು ದೂರ = ಬಿಟ್ಟ ಎತ್ತರ × (1 + ಎತ್ತರದ ಅನುಪಾತ) ÷ (1 − ಎತ್ತರದ ಅನುಪಾತ)

ಕೊನೆಯಿಲ್ಲದ ಸಾಲನ್ನು ಕೂಡಿಸಬೇಕಾದ ಲೆಕ್ಕ ಎರಡು ಸಾಲಿನಲ್ಲಿ ಮುಗಿಯಿತು. ಒಂದು ವಸ್ತುವಿನ ಒಳಗೆ ಅದರದ್ದೇ ಚಿಕ್ಕ ಪ್ರತಿ ಇದ್ದಾಗಲೆಲ್ಲ ಈ ದಾರಿ ಕೆಲಸಕ್ಕೆ ಬರುತ್ತದೆ.

"ಐದನೇ ಸಲ ನೆಲಕ್ಕೆ ಬೀಳುವವರೆಗೆ" ಅಂತ ಕೇಳಿದ್ರೆ ಎಷ್ಟು ಪದ ತಗೋಬೇಕು?

ಐದು ಸಲ ನೆಲ ಮುಟ್ಟಬೇಕಾದರೆ ನಡುವೆ ನಾಲ್ಕು ನೆಗೆತ. ಐದು ಕಂಬಗಳ ಬೇಲಿಯಲ್ಲಿ ನಾಲ್ಕು ಸಂದು ಇರುವ ಹಾಗೆ. ಮೇಲಿನ ಚೆಂಡಿಗೇ ಲೆಕ್ಕ ಹಾಕಿದರೆ, 10 + 2 × (7.5 + 5.625 + 4.219 + 3.164), ಸುಮಾರು 51 ಮೀಟರ್. ಚಿತ್ರ ಬರೆದು ನೆಲ ಮುಟ್ಟಿದ ಕಡೆಯೆಲ್ಲ ಚುಕ್ಕಿ ಇಟ್ಟು ಎಣಿಸಿ. ಒಂದು ನಿಮಿಷದ ಕೆಲಸ, ಒಂದು ಅಂಕ ಉಳಿಯುತ್ತದೆ.

ಒಟ್ಟು ಎಷ್ಟು ಹೊತ್ತು ಪುಟಿಯತ್ತೆ ಅಂತ ಲೆಕ್ಕ ಹಾಕಬಹುದಾ?

ಹಾಕಬಹುದು. ಮೊದಲು, ಕೈಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಹೊತ್ತು ಬೇಕು. ಎತ್ತರವನ್ನು (ಮೀಟರ್‌ಗಳಲ್ಲಿ) ದುಪ್ಪಟ್ಟು ಮಾಡಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 1 ಮೀಟರ್‌ಗೆ ಸುಮಾರು 0.45 ಸೆಕೆಂಡ್. ಆಮೇಲೆ ದೂರದ ಸೂತ್ರವೇ, ಆದರೆ ವೇಗದ ಅನುಪಾತದೊಂದಿಗೆ:

ಒಟ್ಟು ಹೊತ್ತು = ಮೊದಲು ಬಿದ್ದ ಹೊತ್ತು × (1 + ವೇಗದ ಅನುಪಾತ) ÷ (1 − ವೇಗದ ಅನುಪಾತ)

ಟೆನಿಸ್ ಚೆಂಡಿಗೆ ವೇಗದ ಅನುಪಾತ 0.75 ಎಂದು ಇಟ್ಟುಕೊಳ್ಳಿ. 1.75 ÷ 0.25 ಅಂದರೆ 7. ಒಟ್ಟು 0.45ರ ಏಳರಷ್ಟು, ಸುಮಾರು 3.2 ಸೆಕೆಂಡ್.

ಎಚ್ಚರ: 10 ಮೀಟರ್‌ನ ಲೆಕ್ಕದಲ್ಲಿ ಮುಕ್ಕಾಲು ಎಂದಿದ್ದು ಎತ್ತರಕ್ಕೆ. ಅದರ ಹೊತ್ತು ಬೇಕಾದರೆ ಮೊದಲು 0.75ರ ವರ್ಗಮೂಲ ತೆಗೆಯಬೇಕು, ಅದು 0.866. ಆಗ ಒಟ್ಟು ಹೊತ್ತು ಸುಮಾರು 20 ಸೆಕೆಂಡ್ ಬರುತ್ತದೆ. ನೇರವಾಗಿ 0.75 ಹಾಕಿದರೆ 10 ಸೆಕೆಂಡ್ ಬಂದು ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ಕೊನೆಯೇ ಇಲ್ಲದಷ್ಟು ಸಂಖ್ಯೆ ಕೂಡಿಸ್ತಾ ಹೋದ್ರೆ ಮೊತ್ತ ಅನಂತ ಆಗಬೇಕಲ್ವಾ?

ಮೂವರು ಮಕ್ಕಳು, ಒಂದೇ ಮೈಸೂರು ಪಾಕ್. ಅದನ್ನು ನಾಲ್ಕು ಸಮ ತುಂಡು ಮಾಡಿ ಮೂವರಿಗೂ ಒಂದೊಂದು ಕೊಡಿ. ಒಂದು ತುಂಡು ಉಳಿಯಿತು. ಅದನ್ನು ಮತ್ತೆ ನಾಲ್ಕು ಮಾಡಿ, ಮೂರು ಹಂಚಿ. ಮತ್ತೆ ಒಂದು ಚೂರು ಉಳಿಯಿತು. ಹೀಗೇ ಹಂಚುತ್ತಾ ಹೋಗಿ. ಪ್ರತಿ ಮಗುವಿಗೂ ಸಿಗುವುದು ಕಾಲು, ಜೊತೆಗೆ ಹದಿನಾರನೇ ಒಂದು, ಜೊತೆಗೆ ಅರವತ್ತನಾಲ್ಕನೇ ಒಂದು... ಹಂಚುವುದು ನಿಲ್ಲುವುದೇ ಇಲ್ಲ. ಆದರೆ ಯಾರಿಗೂ ಜಾಸ್ತಿ ಕಡಿಮೆ ಇಲ್ಲ, ಉಳಿಯುವ ಚೂರು ಸೊನ್ನೆಯತ್ತ ಹೋಗುತ್ತಿದೆ. ಅಂದಮೇಲೆ ಪ್ರತಿಯೊಬ್ಬರ ಪಾಲು ಮೂರನೇ ಒಂದು. ಕೊನೆಯಿಲ್ಲದ ಸಾಲು, ಆದರೆ ಮೊತ್ತ ಒಂದು ಪುಟ್ಟ ಸಂಖ್ಯೆ.

ಸರಿಯಾಗಿ ಇದೇ ಸಾಲನ್ನು, ಕಾಲು, ಕಾಲಿನ ಕಾಲು ಎಂದು ಹೋಗುವುದನ್ನು, ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಚರ್ಚಿಸಿ ಮೊತ್ತ ಮೂರನೇ ಒಂದು ಎಂದು ತೋರಿಸಿದ. ಅವನು ಹುಟ್ಟಿದ್ದು 1444ರಲ್ಲಿ. ಅದಕ್ಕೂ ತುಂಬಾ ಹಿಂದೆ, ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ, ಆರ್ಕಿಮಿಡೀಸ್ ಪರವಲಯದ (ಓರೆಯಾಗಿ ಎಸೆದ ಚೆಂಡು ಸಾಗುವ ಕಮಾನಿನ) ಕ್ಷೇತ್ರಫಲ ಹುಡುಕುವಾಗ ಬಳಸಿದ್ದೂ ಕಾಲಿನ ಅನುಪಾತದ ಸಾಲನ್ನೇ.

ನಮ್ಮ ನಾಡಿಗೂ ಇದರಲ್ಲಿ ಪಾಲಿದೆ. 9ನೇ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ನಿಯಮ ಕೊಟ್ಟಿದ್ದಾನೆ. ಅದು ಇಷ್ಟೇ ಪದಗಳು ಎಂದು ಗೊತ್ತಿರುವ ಶ್ರೇಢಿಗೆ, ಅನಂತಕ್ಕಲ್ಲ. ಪುಸ್ತಕದ ಆರಂಭದಲ್ಲಿ ಅವನು ಹೊಗಳುವ ರಾಜ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಆ ರಾಜನ ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಕನ್ನಡ ಕಲಿಸುವಾಗ ನೃಪತುಂಗನ ಹೆಸರು ಬರುತ್ತದೆ. ಗಣಿತ ಕಲಿಸುವಾಗಲೂ ಬರಬೇಕು ಎಂಬುದು ನನ್ನ ಆಸೆ.

## ಮನೆಯಲ್ಲೇ ಮಾಡಿ ನೋಡುವವರಿಗೆ

ಸ್ಕೇಲ್ ಹಿಡಿದು ಎತ್ತರ ಅಳೆಯೋಕೆ ಹೋದ್ರೆ ಚೆಂಡು ನಿಲ್ಲೋದೇ ಇಲ್ಲ. ಬೇರೆ ದಾರಿ ಇದೆಯಾ?

ಇದೆ. ಎತ್ತರ ಅಳೆಯಬೇಡಿ, ಕೇಳಿಸಿಕೊಳ್ಳಿ.

ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡುವ ಆ್ಯಪ್ ಇರುತ್ತದೆ. ಫ್ಯಾನ್ ಆರಿಸಿ, ಮೊಬೈಲನ್ನು ಮೇಜಿನ ಹತ್ತಿರ ಇಟ್ಟು, ಟೇಬಲ್ ಟೆನಿಸ್ ಚೆಂಡನ್ನು 30 ಸೆಂ.ಮೀ. ಎತ್ತರದಿಂದ ಬಿಡಿ. ತಳ್ಳಬೇಡಿ, ತಿರುಗಿಸಬೇಡಿ, ಬೆರಳು ಸುಮ್ನೆ ಬಿಚ್ಚಿ. ಆ ರೆಕಾರ್ಡಿಂಗನ್ನು ಅಲೆಯಾಗಿ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ತೆರೆದರೆ ಪ್ರತಿ ಟಕ್ ಒಂದು ಮುಳ್ಳಿನ ಹಾಗೆ ಎದ್ದು ನಿಂತಿರುತ್ತದೆ. ಮುಳ್ಳುಗಳ ನಡುವಿನ ಹೊತ್ತು ಬರೆದುಕೊಳ್ಳಿ.

ಮೇಜು ನಿಯಮದ ಪ್ರಕಾರ ಇದ್ದರೆ ಲೆಕ್ಕದಲ್ಲಿ ಬರಬೇಕಾದದ್ದು ಇದು: ಮೊದಲ ಎರಡು ಟಕ್‌ಗಳ ನಡುವೆ 0.433 ಸೆಕೆಂಡ್, ಮುಂದೆ 0.379, ಆಮೇಲೆ 0.332. ಒಂದನ್ನು ಅದರ ಹಿಂದಿನದರಿಂದ ಭಾಗಿಸಿ. ಪ್ರತಿ ಸಲ 0.876ರ ಹತ್ತಿರ. ಅದೇ ವೇಗದ ಅನುಪಾತ. ಸ್ಕೇಲ್ ಬೇಕಾಗಲಿಲ್ಲ, ಚೆಂಡಿನ ತೂಕ ಬೇಕಾಗಲಿಲ್ಲ, ಗುರುತ್ವ ಎಷ್ಟು ಎಂದೂ ಬೇಕಾಗಲಿಲ್ಲ.

ಎತ್ತರವೂ ಬೇಕೆಂದರೆ, ಸೆಕೆಂಡುಗಳಲ್ಲಿ ಇರುವ ಹೊತ್ತಿನ ವರ್ಗವನ್ನು 122.5ರಿಂದ ಗುಣಿಸಿ, ಸೆಂಟಿಮೀಟರ್‌ನಲ್ಲಿ ಉತ್ತರ ಬರುತ್ತದೆ. 0.433ಕ್ಕೆ ಸುಮಾರು 23 ಸೆಂ.ಮೀ. ಈ 122.5 ಬಂದದ್ದು 980ನ್ನು 8ರಿಂದ ಭಾಗಿಸಿ. ಬೆಂಗಳೂರಿನಲ್ಲಿ ಗುರುತ್ವ 9.78, ಸ್ವಲ್ಪ ಕಡಿಮೆ. ಆದರೆ ಈ ಪ್ರಯೋಗದಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ.

ಜರ್ಮನಿಯ ಆಖೆನ್‌ನ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ ಸದ್ದು ಕೇಳಿಸಿಕೊಂಡು ಹೊತ್ತು, ಎತ್ತರ, ಶಕ್ತಿಯ ಪಾಲು ಎಲ್ಲವನ್ನೂ ತಾನೇ ಲೆಕ್ಕ ಹಾಕುವ ಪ್ರಯೋಗವೊಂದು ಸಿದ್ಧವಾಗಿದೆ. ಒಳ್ಳೆಯದೇ. ಆದರೂ ಮೊದಲ ಸಲ ಕೈಯಲ್ಲಿ ಭಾಗಿಸಿ ನೋಡಿ. ಮೂರು ಸಲ ಹೆಚ್ಚುಕಮ್ಮಿ ಅದೇ ಸಂಖ್ಯೆ ಬಂದಾಗ ಆಗುವ ಖುಷಿಯನ್ನು ಆ್ಯಪ್‌ಗೆ ಬಿಟ್ಟುಕೊಡಬೇಡಿ.

ನಾನು ಮಾಡಿದಾಗ ಅನುಪಾತ ಪ್ರತಿ ಸಲ ಸ್ವಲ್ಪ ಬೇರೆ ಬರ್ತಿದೆ. ತಪ್ಪು ನನ್ನದಾ?

ಬಹುಶಃ ಅಲ್ಲ. ಅನುಪಾತ ಬದಲಾಗುವುದೇ ಇಲ್ಲ ಎನ್ನುವುದು ನಾವು ಲೆಕ್ಕದ ಸುಲಭಕ್ಕೆ ಮಾಡಿಕೊಂಡ ಊಹೆ. ನಿಜವಾದ ಚೆಂಡು ಜೋರಾಗಿ ಬಡಿದಾಗ ಹೆಚ್ಚು ಚಪ್ಪಟೆಯಾಗಿ, ಕಳೆದುಕೊಳ್ಳುವ ಪಾಲೂ ಸ್ವಲ್ಪ ಜಾಸ್ತಿ ಆಗುತ್ತದೆ. ಜೊತೆಗೆ ಗಾಳಿಯ ತಡೆ ಇದೆ. 2.7 ಗ್ರಾಂ ತೂಗುವ ಟೇಬಲ್ ಟೆನಿಸ್ ಚೆಂಡಿಗೆ ಅದು ಸಣ್ಣ ವಿಷಯವಲ್ಲ. ಎರಡು ಮೀಟರ್ ಎತ್ತರದಿಂದ ಬಿಟ್ಟು ನೋಡಿ, ಮೊದಲ ಪುಟಿತಗಳಲ್ಲಿ ಅನುಪಾತ ಕಡಿಮೆ, ಮುಂದೆ ಮುಂದೆ ಸ್ವಲ್ಪ ಏರುತ್ತದೆ.

ಅಳತೆಯ ತಪ್ಪು ಎಂದರೆ ಒಂದನ್ನು ತುಂಬಾ ಜನ ಮಾಡುತ್ತಾರೆ. ಎತ್ತರವನ್ನು ಚೆಂಡಿನ ತಳದಿಂದ ಅಳೆಯಬೇಕು. ಟೆನಿಸ್ ಚೆಂಡಿನ ಅಗಲವೇ ಸುಮಾರು 6.5 ಸೆಂ.ಮೀ. ನೆತ್ತಿಯಿಂದ ಅಳೆದರೆ ಪ್ರತಿ ಎತ್ತರಕ್ಕೂ ಅಷ್ಟು ಸೇರಿಕೊಂಡು ಶ್ರೇಢಿಯೇ ಕೆಡುತ್ತದೆ. ಇನ್ನೊಂದು, ಅಂಟು ಬಿಟ್ಟ ಟೈಲ್ಸ್. ಟೊಳ್ಳು ಸದ್ದು ಬರುವ ಟೈಲ್ಸ್ ಮೇಲೆ ಚೆಂಡು ಬಿದ್ದರೆ ಆ ಒಂದು ಪುಟಿತ ಲೆಕ್ಕಕ್ಕಿಲ್ಲ.

ಗ್ರಾಫ್ ಹಾಕಿದ್ರೆ ಬಾಗಿದ ಗೆರೆ ಬರತ್ತೆ. ಅದು ಗುಣೋತ್ತರವೇ ಅಂತ ಹೇಗೆ ಗೊತ್ತಾಗಬೇಕು?

ಬಾಗಿದ ಗೆರೆಗಳು ನೂರಾರು ಥರ ಇರುತ್ತವೆ, ಕಣ್ಣು ಮೋಸ ಹೋಗುತ್ತದೆ. ಎತ್ತರದ ಬದಲು ಎತ್ತರದ ಲಾಗರಿದಮ್ ಹಾಕಿ. ಗುಣೋತ್ತರ ಶ್ರೇಢಿ ಆಗಿದ್ದರೆ ಚುಕ್ಕಿಗಳೆಲ್ಲ ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ಆ ಗೆರೆಯ ಇಳಿಜಾರೇ ಅನುಪಾತದ ಲಾಗರಿದಮ್.

## ಇನ್ನೂ ಆಳಕ್ಕೆ ಹೋಗುವವರಿಗೆ

ಲೆಕ್ಕದಲ್ಲಿ ಅನಂತ ಸಲ ಪುಟಿಯತ್ತೆ ಅಂತೀರಿ. ನಿಜವಾಗ್ಲೂ ಎಷ್ಟು ಸಲ?

ಲೆಕ್ಕದ ಚೆಂಡು ನೆಲ ಮುಟ್ಟಿದ ಕ್ಷಣವೇ ತಿರುಗಿ ಏಳುತ್ತದೆ. ನಿಜವಾದ ಟೆನಿಸ್ ಚೆಂಡು ನೆಲಕ್ಕೆ ಅಂಟಿಕೊಂಡಿರುವ ಹೊತ್ತು ಸುಮಾರು ಸಾವಿರದ ಐದು ಭಾಗ, ಅಂದರೆ 0.005 ಸೆಕೆಂಡ್. ಇಲ್ಲೇ ಇರುವುದು ಗುಟ್ಟು. ನೆಗೆತದ ಹೊತ್ತು ಪ್ರತಿ ಸಲ ಕಿರಿದಾಗುತ್ತದೆ, ಆದರೆ ನೆಲ ಮುಟ್ಟಿರುವ ಹೊತ್ತು ಹಾಗೆ ಕಿರಿದಾಗುವುದಿಲ್ಲ. ಅನಂತ ಸಲ 0.005 ಸೆಕೆಂಡ್ ಕೂಡಿಸಿದರೆ ಮೊತ್ತ ಅನಂತ. ಹಾಗಾಗಿ ಈ ಲೆಕ್ಕ ಎಲ್ಲೋ ಒಂದು ಕಡೆ ಮುರಿಯಲೇಬೇಕು.

ಎಲ್ಲಿ? 1 ಮೀಟರ್‌ನಿಂದ ಬಿಟ್ಟ, ವೇಗದ ಅನುಪಾತ 0.75 ಇರುವ ಚೆಂಡನ್ನೇ ತೆಗೆದುಕೊಳ್ಳಿ. 18ನೇ ನೆಗೆತದ ಹೊತ್ತು ಸುಮಾರು 0.005 ಸೆಕೆಂಡ್‌ಗೆ ಬಂದು ನಿಲ್ಲುತ್ತದೆ. ಎತ್ತರ 0.03 ಮಿಲಿಮೀಟರ್, ಕೂದಲಿನ ದಪ್ಪಕ್ಕಿಂತ ಕಡಿಮೆ. ಅಲ್ಲಿಂದ ಮುಂದೆ ಗಾಳಿಯಲ್ಲಿರುವುದಕ್ಕಿಂತ ನೆಲದ ಮೇಲಿರುವ ಹೊತ್ತೇ ಜಾಸ್ತಿ. ಅದನ್ನು ಪುಟಿಯುವುದು ಎನ್ನಲಾಗದು. ನೆಲಕ್ಕೆ ಅಂಟಿಕೊಂಡೇ ನಡುಗಿ ಸುಮ್ಮನಾಗುತ್ತದೆ.

ಆದರೂ ಅನಂತದ ಸೂತ್ರ ಯಾಕೆ ಬಳಸುತ್ತೇವೆ? 18ರ ನಂತರ ಬಿಟ್ಟುಹೋಗುವ ದೂರ ಮಿಲಿಮೀಟರಿನಷ್ಟೂ ಇಲ್ಲ. ಅನಂತದವರೆಗೆ ಕೂಡಿಸುವುದು 18ರವರೆಗೆ ಕೂಡಿಸುವುದಕ್ಕಿಂತ ಸುಲಭ, ಉತ್ತರವೂ ಅದೇ.

ಚಂದ್ರನ ಮೇಲೆ ಚೆಂಡು ಬಿಟ್ರೆ ಜಾಸ್ತಿ ದೂರ ಪುಟಿಯತ್ತಾ?

ಒಟ್ಟು ದೂರದ ಸೂತ್ರವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಗುರುತ್ವ ಇಲ್ಲವೇ ಇಲ್ಲ! 1 ಮೀಟರ್‌ನಿಂದ ಬಿಟ್ಟ ನಮ್ಮ ಟೆನಿಸ್ ಚೆಂಡು ಭೂಮಿಯ ಮೇಲೂ 3.57 ಮೀಟರ್, ಚಂದ್ರನ ಮೇಲೆ ಒಂದು ಕಲ್ಲುಚಪ್ಪಡಿ ಹಾಸಿ ಬಿಟ್ಟರೂ 3.57 ಮೀಟರ್. ಬದಲಾಗುವುದು ಹೊತ್ತು. ಚಂದ್ರನ ಗುರುತ್ವ ನಮ್ಮದರ ಆರನೇ ಒಂದು, ಹಾಗಾಗಿ ಹೊತ್ತು ಆರರ ವರ್ಗಮೂಲದಷ್ಟು ಹೆಚ್ಚುತ್ತದೆ. 3.2 ಸೆಕೆಂಡ್ ಇದ್ದದ್ದು ಸುಮಾರು 7.8 ಆಗುತ್ತದೆ. ಅದೇ ಆಟ, ನಿಧಾನಗತಿಯಲ್ಲಿ. ಅಲ್ಲಿ ಚೆಂಡು ಮೆಲ್ಲಗೆ ಬಡಿಯುವುದರಿಂದ, ಗಾಳಿಯೂ ಇಲ್ಲದ್ದರಿಂದ ಅನುಪಾತ ಕೊಂಚ ಹೆಚ್ಚಬಹುದು, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಸೂಪರ್ ಬಾಲ್ ಜೋರಾಗಿ ಎಸೆದ್ರೆ ತಲೆ ಮೇಲೆ ಹೋಗತ್ತೆ. ಅಂದ್ರೆ ಅನುಪಾತ 1ಕ್ಕಿಂತ ಜಾಸ್ತಿನಾ?

ಇಲ್ಲ. ಎಸೆದಾಗ ನಿಮ್ಮ ತೋಳು ಶಕ್ತಿ ತುಂಬಿದೆ. ಒಂದೂವರೆ ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕೆಳಗೆ ಎಸೆದರೆ, ಅದು 6.6 ಮೀಟರ್ ಎತ್ತರದಿಂದ ಸುಮ್ನೆ ಬಿಟ್ಟದ್ದಕ್ಕೆ ಸಮ. ಎತ್ತರದ ಅನುಪಾತ 0.8 ಇದ್ದರೂ 5.3 ಮೀಟರ್ ಏರುತ್ತದೆ. ಶ್ರೇಢಿಯನ್ನು 1.5ರಿಂದ ಶುರು ಮಾಡಬೇಡಿ, 6.6ರಿಂದ ಶುರು ಮಾಡಿ, ಆಮೇಲೆ ಎಲ್ಲ ಸರಿಹೋಗುತ್ತದೆ. ಈ ಚೆಂಡಿನ ಪಾಲಿಬ್ಯುಟಾಡಿಯೀನ್ ರಬ್ಬರನ್ನು 1960ರ ದಶಕದಲ್ಲಿ ರೂಪಿಸಿದವನು ಅಮೆರಿಕದ ರಸಾಯನಶಾಸ್ತ್ರಜ್ಞ ನಾರ್ಮನ್ ಸ್ಟಿಂಗ್ಲಿ.

ಓರೆಯಾಗಿ ಎಸೆದ್ರೆ ಈ ಲೆಕ್ಕ ನಡೆಯತ್ತಾ?

ನಡೆಯುತ್ತದೆ, ಚಿತ್ರ ಇನ್ನೂ ಚಂದ ಆಗುತ್ತದೆ. ಪ್ರತಿ ನೆಗೆತವೂ ಒಂದು ಪರವಲಯ. ಮುಂದಕ್ಕೆ ಸಾಗುವ ವೇಗ ಬದಲಾಗದಿದ್ದರೆ, ನೆಗೆತದ ಉದ್ದ ಹೊತ್ತಿನ ಜೊತೆ ಹೋಗುತ್ತದೆ. ಅಂದರೆ ಉದ್ದಗಳು 0.75ರ ಅನುಪಾತದಲ್ಲಿ ಇಳಿದರೆ, ಎತ್ತರಗಳು 0.56ರ ಅನುಪಾತದಲ್ಲಿ ಇಳಿಯುತ್ತವೆ. ಎತ್ತರ ಬೇಗ ಕುಗ್ಗುವುದರಿಂದ ಕಮಾನುಗಳು ಬರುಬರುತ್ತಾ ಚಪ್ಪಟೆಯಾಗುತ್ತವೆ. ನಿಜದಲ್ಲಿ ನೆಲದ ಘರ್ಷಣೆ ಚೆಂಡನ್ನು ತಿರುಗಿಸಿ ಮುಂದಿನ ವೇಗವನ್ನೂ ಬದಲಿಸುತ್ತದೆ, ಮುಖ್ಯವಾಗಿ ಮೊದಲ ಪುಟಿತದಲ್ಲಿ.

ಪುಟಿಯೋ ಚೆಂಡಿಗೆ ಕೋಡ್ ಬರೆದೆ. ಕೊನೆಗೆ ಚೆಂಡು ನಡುಗ್ತಾ ನೆಲದೊಳಗೆ ಇಳಿಯತ್ತೆ, ಇಲ್ಲಾಂದ್ರೆ ಪ್ರೋಗ್ರಾಂ ಹ್ಯಾಂಗ್ ಆಗತ್ತೆ. ಎಲ್ಲಿ ತಪ್ಪಿದೆ?

ಎರಡು ಬೇರೆ ಬೇರೆ ಕಾಯಿಲೆ. ಸಮಾನ ಹೆಜ್ಜೆಗಳಲ್ಲಿ ಸಮಯವನ್ನು ಮುಂದೆ ತಳ್ಳುವ ಪ್ರೋಗ್ರಾಂ ಆದರೆ, ಒಂದು ಹೆಜ್ಜೆಗಿಂತ ಚಿಕ್ಕ ನೆಗೆತಗಳು ಅದಕ್ಕೆ ಕಾಣುವುದೇ ಇಲ್ಲ. ಚೆಂಡು ನೆಲದ ಕೆಳಗೆ ಹೋದ ಮೇಲೆ ಎಚ್ಚರಾಗುತ್ತದೆ. ಮುಂದಿನ ಬಡಿತ ಯಾವಾಗ ಎಂದು ಲೆಕ್ಕ ಹಾಕಿ ನೇರವಾಗಿ ಅಲ್ಲಿಗೆ ಜಿಗಿಯುವ ಪ್ರೋಗ್ರಾಂ ಆದರೆ, ನಮ್ಮ ಟೆನಿಸ್ ಚೆಂಡಿನ 3.2 ಸೆಕೆಂಡಿನೊಳಗೆ ಅನಂತ ಬಡಿತಗಳಿವೆ, ಅದು ಆ ಗಡಿಯನ್ನು ದಾಟುವುದೇ ಇಲ್ಲ. ಗ್ರೀಕ್ ತತ್ವಜ್ಞಾನಿ ಝೀನೋನ ಒಗಟುಗಳ ನೆನಪಿಗೆ ಇದನ್ನು ಝೀನೋ ನಡವಳಿಕೆ ಎನ್ನುತ್ತಾರೆ. ಪುಟಿಯುವ ಚೆಂಡು ಇದಕ್ಕೆ ಎಲ್ಲರೂ ಕೊಡುವ ಮೊದಲ ಉದಾಹರಣೆ. ಮದ್ದು ಎರಡಕ್ಕೂ ಒಂದೇ. ಮೇಲೇಳುವ ವೇಗ ಒಂದು ಮಿತಿಗಿಂತ ಕಡಿಮೆಯಾದರೆ ವೇಗ ಸೊನ್ನೆ ಮಾಡಿ, ಚೆಂಡನ್ನು ನೆಲದ ಮೇಲೆ ಕೂರಿಸಿಬಿಡಿ. ನಿಜವಾದ ಚೆಂಡೂ ಅದನ್ನೇ ಮಾಡುತ್ತದೆ.

ದೊಡ್ಡ ಚೆಂಡಿನ ಮೇಲೆ ಸಣ್ಣ ಚೆಂಡು ಇಟ್ಟು ಬಿಟ್ರೆ ಸಣ್ಣದು ಆಕಾಶಕ್ಕೆ ಹಾರತ್ತಲ್ಲ, ಅದಕ್ಕೂ ಶ್ರೇಢಿ ಇದೆಯಾ?

ಇದೆ! ಬಾಸ್ಕೆಟ್‌ಬಾಲ್ ಮೇಲೆ ಟೆನಿಸ್ ಚೆಂಡು ಇಟ್ಟು ಒಟ್ಟಿಗೆ ಬಿಡಿ. ದೊಡ್ಡದು ಮೊದಲು ನೆಲಕ್ಕೆ ಬಡಿದು ವೇಗ 1ರಲ್ಲಿ ಮೇಲೆ ಬರುತ್ತದೆ. ಸಣ್ಣದು ಇನ್ನೂ ವೇಗ 1ರಲ್ಲಿ ಕೆಳಗೆ ಬರುತ್ತಿದೆ. ಇಬ್ಬರೂ ಹತ್ತಿರ ಬರುವ ವೇಗ 2. ಶಕ್ತಿ ಏನೂ ಕಳೆಯದಿದ್ದರೆ, ಸಣ್ಣದು ತುಂಬಾ ಹಗುರವಾಗಿದ್ದರೆ, ಅದು ದೊಡ್ಡದರಿಂದ 2ರ ವೇಗದಲ್ಲೇ ದೂರ ಹೋಗಬೇಕು. ದೊಡ್ಡದು 1ರಲ್ಲಿ ಮೇಲೆ ಹೋಗುತ್ತಿದೆ, ಹಾಗಾಗಿ ಸಣ್ಣದರ ವೇಗ 3. ಎತ್ತರ ವರ್ಗದ ಲೆಕ್ಕ, ಆದ್ದರಿಂದ 9 ಪಟ್ಟು.

ಅದರ ಮೇಲೆ ಇನ್ನೂ ಹಗುರವಾದ ಮೂರನೇ ಚೆಂಡು ಇಟ್ಟರೆ? ಹತ್ತಿರ ಬರುವ ವೇಗ 3 + 1 = 4, ಹೊರಡುವ ವೇಗ 3 + 4 = 7. ನಾಲ್ಕನೆಯದಕ್ಕೆ 15. ಈ 1, 3, 7, 15 ಎಲ್ಲಿಂದ ಬಂದವು? 1. 1 + 2. 1 + 2 + 4. 1 + 2 + 4 + 8. ಅನುಪಾತ 2 ಇರುವ ಗುಣೋತ್ತರ ಶ್ರೇಢಿಯ ಮೊತ್ತಗಳು. ಒಂದು ಚೆಂಡಿನಲ್ಲಿ ಕುಗ್ಗುತ್ತಿದ್ದ ಶ್ರೇಢಿ ಇಲ್ಲಿ ಬೆಳೆಯುತ್ತಿದೆ.

ನಿಜವಾದ ಚೆಂಡುಗಳಲ್ಲಿ 9 ಪಟ್ಟು ಸಿಗುವುದಿಲ್ಲ. ಟೆನಿಸ್ ಚೆಂಡು ಅಷ್ಟು ಹಗುರವೂ ಅಲ್ಲ, ಪ್ರತಿ ಡಿಕ್ಕಿಯಲ್ಲೂ ಶಕ್ತಿ ಕಳೆಯುತ್ತದೆ. ಆದರೂ ಬಿಟ್ಟ ಎತ್ತರವನ್ನು ಸುಲಭವಾಗಿ ದಾಟುತ್ತದೆ. ಎರಡೂ ಚೆಂಡುಗಳು ಒಂದೇ ನೇರದಲ್ಲಿ ಇರಬೇಕು, ಸ್ವಲ್ಪ ಓರೆಯಾದರೂ ಮೇಲಿನದು ಪಕ್ಕಕ್ಕೆ ಹಾರುತ್ತದೆ. ಬಯಲಿನಲ್ಲಿ ಮಾಡಿ, ಸೊಂಟದ ಎತ್ತರದಿಂದ ಬಿಡಿ, ಬಗ್ಗಿ ನೋಡಬೇಡಿ.